ಅರ್ಜಿಯಲ್ಲಿಲ್ಲದ ಕಾಲಂ

ಡಿಗ್ರಿ ಫಲಿತಾಂಶ ಬಂದ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಏನೂ ಆಗದಿದ್ದರೆ ಬಿ.ಎಡ್. ಅಂತೂ ಇದ್ದೇ ಇದೆಯಲ್ಲ.’ ಈ ‘ಅಂತೂ’ ಎಂಬ ಪುಟ್ಟ ಪದದೊಳಗೆ ಶಿಕ್ಷಕ ವೃತ್ತಿಯ ಬಗ್ಗೆ ಸಮಾಜಕ್ಕಿರುವ ಅಭಿಪ್ರಾಯವೆಲ್ಲ ಅಡಗಿ ಕುಳಿತಿದೆ. ಏನೂ ಆಗದಿದ್ದರೆ ಡಾಕ್ಟರಾಗುತ್ತೇನೆ ಎಂದವರಿಲ್ಲ, ಏನೂ ಆಗದಿದ್ದರೆ ಎಂಜಿನಿಯರಾಗುತ್ತೇನೆ ಎಂದವರೂ ಇಲ್ಲ. ಬ್ಯಾಂಕ್ ಪರೀಕ್ಷೆ, ಪಿಎಸ್‌ಐ ಪರೀಕ್ಷೆ, ಎಫ್‌ಡಿಎ ಪರೀಕ್ಷೆ ಎಲ್ಲದಕ್ಕೂ ಅರ್ಜಿ ಹಾಕಿ, ಅದೇ ಜೆರಾಕ್ಸ್ ಅಂಗಡಿಯಲ್ಲಿ, ಅದೇ ಪ್ರತಿಗಳ ಕಟ್ಟಿನಲ್ಲಿ ಉಳಿದ ಒಂದು ಸೆಟ್ಟಿನಿಂದ ಬಿ.ಎಡ್.ಗೂ ಒಂದು ಅರ್ಜಿ ಹಾಕುವುದು ವಾಡಿಕೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ. ಟೀಚರ್ ಕೆಲಸವಾದರೆ ಸಂಜೆಯೊಳಗೆ ಮನೆಗೆ ಬರಬಹುದು, ಬೇಸಿಗೆ ರಜೆ ಇರುತ್ತದೆ, ಗಂಡಿನ ಕಡೆಯವರೂ ಒಪ್ಪುತ್ತಾರೆ. ಮಕ್ಕಳ ಪ್ರಸ್ತಾಪ ಈ ಮಾತುಕತೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಮಕ್ಕಳು ಎಂದರೆ ಶಾಲೆಯ ಮಕ್ಕಳು.

ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ ಭೌತಶಾಸ್ತ್ರ, ಗಣಿತ ಓದಿ ಬಿ.ಎಸ್ಸಿ. ಮುಗಿಸಿದಾಗ ಆ ಮನೆಯಲ್ಲೂ ಇದೇ ಮಾತು ನಡೆಯಿತು. ಅಂಕ ಚೆನ್ನಾಗಿದ್ದವು. ಎಂ.ಎಸ್ಸಿ. ಮಾಡಬೇಕೆಂಬ ಆಸೆ ಅವಳಿಗಿತ್ತು. ಅಪ್ಪನಿಗೆ ಎರಡೆಕರೆ ತೆಂಗಿನ ತೋಟ. ನುಸಿ ಪೀಡೆ ಬಂದು ಹೋದ ಮೇಲೆ ಕಾಯಿ ಸಣ್ಣದಾಯಿತು, ಕೊಬ್ಬರಿ ಬೆಲೆಯಂತೂ ಯಾವ ವರ್ಷ ಹೇಗಿರುತ್ತದೆಂದು ಹೇಳುವ ಜ್ಯೋತಿಷಿ ಇನ್ನೂ ಹುಟ್ಟಿಲ್ಲ. ಹಿಂದೆ ಪಿಯುಸಿ ಓದುವ ತಮ್ಮ ಬೇರೆ ಇದ್ದಾನೆ. ಎಂ.ಎಸ್ಸಿ. ಎರಡು ವರ್ಷ, ಆಮೇಲೆ ಬಿ.ಎಡ್. ಎರಡು ವರ್ಷ ಎಂದರೆ ನಾಲ್ಕು ವರ್ಷದ ಹಾಸ್ಟೆಲ್ ಖರ್ಚು. ಲೆಕ್ಕ ಹಾಕಲು ಅಪ್ಪನಿಗೆ ಗಣಿತದ ಪದವಿ ಬೇಕಿರಲಿಲ್ಲ.

‘ಎರಡರಲ್ಲಿ ಒಂದು ಮಾಡವ್ವ. ಯಾವುದು ಅಂತ ನೀನೇ ಹೇಳು,’ ಎಂದ.

ಅವಳು ಹೇಳಲಿಲ್ಲ. ಎರಡಕ್ಕೂ ಅರ್ಜಿ ಹಾಕುವುದು, ಯಾವುದು ಮೊದಲು ಬರುತ್ತದೋ ನೋಡುವುದು ಎಂದುಕೊಂಡಳು. ಆ ವಯಸ್ಸಿನವರು ತೀರ್ಮಾನವನ್ನು ಅರ್ಜಿಗೇ ಬಿಟ್ಟುಬಿಡುವುದು ಹೊಸದೇನಲ್ಲ.

ಸರ್ಕಾರಿ ಕೋಟಾದ ಬಿ.ಎಡ್. ಸೀಟುಗಳಿಗೆ ರಾಜ್ಯದಲ್ಲಿ ಕೇಂದ್ರೀಕೃತ ದಾಖಲಾತಿ ಘಟಕ ಎಂಬ ವ್ಯವಸ್ಥೆ ಇದೆ. ಒಂದೇ ಅರ್ಜಿ, ಪದವಿಯ ಅಂಕದ ಮೇಲೆ ಒಂದು ಮೆರಿಟ್ ಪಟ್ಟಿ, ಮೀಸಲಾತಿಯ ಲೆಕ್ಕ, ಕಾಲೇಜಿನ ಆಯ್ಕೆ. ಕೇಳುವುದಕ್ಕೆ ಸರಳ. ಆದರೆ ಅರ್ಜಿ ಎಂಬುದು ಒಂದು ಕಾಗದವಲ್ಲ, ಅದೊಂದು ಪ್ರಯಾಣ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಕನ್ನಡದಲ್ಲಿ ಓದಿದ್ದಕ್ಕೆ ಕನ್ನಡ ಮಾಧ್ಯಮದ ಪ್ರಮಾಣಪತ್ರ. ಇವೆರಡಕ್ಕೂ ಓದಿದ ಪ್ರತಿಯೊಂದು ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಮೊಹರು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಹಿಂದೆ ಊರಿನ ಅಕ್ಷರವಿದೆ, ಪದವಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಅಕ್ಷರವಿದೆ. ಇಬ್ಬರೂ ಒಬ್ಬಳೇ ಎಂದು ನಂಬಿಸಲು ಒಂದು ಅಫಿಡವಿಟ್ಟು. ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ಹೆಸರು ಬರೆಸುವಾಗ ಯಾರೋ ಒಬ್ಬರು ಅವಸರದಲ್ಲಿ ಬರೆದ ಒಂದು ಅಕ್ಷರ ಹದಿನೈದು ವರ್ಷದ ನಂತರ ನೋಟರಿಯ ಬಾಗಿಲಿಗೆ ಕರೆದೊಯ್ಯುತ್ತದೆ.

ಸೈಬರ್ ಸೆಂಟರಿನ ಹುಡುಗ ಕಾಲಂಗಳನ್ನು ಒಂದೊಂದಾಗಿ ಓದುತ್ತ ಹೋದ. ಹುಟ್ಟಿದ ದಿನ, ಜಾತಿ, ಪ್ರವರ್ಗ, ಐಚ್ಛಿಕ ವಿಷಯ, ಸೆಮಿಸ್ಟರುವಾರು ಅಂಕ. ಮೊಬೈಲಿಗೆ ಬಂದ ಓಟಿಪಿ ಹೇಳಿ ಮೇಡಂ ಎಂದ. ಮೇಷ್ಟರಾಗಲು ಹೊರಟವಳನ್ನು ಮೊದಲು ಮೇಡಂ ಎಂದವನು ಅವನೇ.

ಅಪ್ಪನ ನೆನಪಿನಲ್ಲಿ ಬಿ.ಎಡ್. ಎಂದರೆ ಒಂದು ವರ್ಷದ ಓದು. ಅದಕ್ಕೂ ಹಿಂದಿನವರು ಬಿ.ಟಿ. ಎನ್ನುತ್ತಿದ್ದರು. ಊರಿನವರೊಬ್ಬರು ಜುಲೈಯಲ್ಲಿ ಟ್ರಂಕು ಹೊತ್ತು ಹೋಗಿ ಮರುವರ್ಷದ ಮಾವಿನಹಣ್ಣಿನ ಕಾಲಕ್ಕೆ ಮೇಷ್ಟರಾಗಿ ಬಂದದ್ದನ್ನು ಅವನು ನೋಡಿದ್ದಾನೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2014ರಲ್ಲಿ ಹೊಸ ನಿಯಮ ಮಾಡಿ 2015-16ರಿಂದ ಅದನ್ನು ಎರಡು ವರ್ಷ ಮಾಡಿತು. ಪದವಿಯಲ್ಲಿ ಕನಿಷ್ಠ 50ರಷ್ಟು ಅಂಕ, ಎಂಜಿನಿಯರಿಂಗ್ ಓದಿದವರಿಗೆ 55. ವರ್ಷಕ್ಕೆ 200 ಕೆಲಸದ ದಿನ, ಅದರಲ್ಲಿ ಪ್ರವೇಶದ ದಿನಗಳೂ ಪರೀಕ್ಷೆಯ ದಿನಗಳೂ ಸೇರುವುದಿಲ್ಲ. ಶಾಲೆಗಳಲ್ಲಿ ಕಳೆಯಬೇಕಾದ ಅವಧಿ ಒಟ್ಟು 20 ವಾರ: ಮೊದಲ ವರ್ಷ 4, ಎರಡನೇ ವರ್ಷ 16. ತರಗತಿಗೆ 80ರಷ್ಟು ಹಾಜರಿ, ಶಾಲೆಯ ಇಂಟರ್ನ್‌ಶಿಪ್ಪಿಗೆ 90ರಷ್ಟು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ನಿಯಮ ಬರೆಯುವುದು ಕಷ್ಟ. 2025ರಲ್ಲಿ ಅದೇ ಪರಿಷತ್ತು ಮತ್ತೊಂದು ಕರಡು ಹೊರಡಿಸಿ, ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಪಡೆದವರಿಗೆ ಒಂದು ವರ್ಷದ ಬಿ.ಎಡ್. ಕೊಡುವ ಆಲೋಚನೆಯನ್ನು ಮುಂದಿಟ್ಟಿತು. ಒಂದರಿಂದ ಎರಡು, ಎರಡರಿಂದ ಒಂದು. ಮೇಷ್ಟರು ಎಷ್ಟು ದಿನದಲ್ಲಿ ತಯಾರಾಗುತ್ತಾರೆ ಎಂಬ ವಿಷಯದಲ್ಲಿ ತಜ್ಞರಿಗೆ ಇನ್ನೂ ಒಮ್ಮತ ಬಂದಂತಿಲ್ಲ.

ನಿಯಮ ಹೀಗಿದ್ದರೂ ನಿಯಮದ ಪಕ್ಕದಲ್ಲೇ ಒಂದು ಕಾಲುದಾರಿ ಇರುತ್ತದೆ. ಅಪ್ಪನಿಗೆ ಪರಿಚಯದ ಒಬ್ಬ ಮನುಷ್ಯ ಸಂತೆಯಲ್ಲಿ ಸಿಕ್ಕಿ, ಒಂದು ಕಾಲೇಜಿನ ಹೆಸರು ಹೇಳಿ, ‘ಮಗಳು ಅಲ್ಲಿಗೆ ಹೋಗೋದೇ ಬೇಡ ಗೌಡ್ರೇ, ಪರೀಕ್ಷೆಗೆ ಹೋದರೆ ಸಾಕು. ಹಾಜರಿ, ಪಾಠಯೋಜನೆ ಪುಸ್ತಕ ಎಲ್ಲ ಅವರೇ ನೋಡ್ಕೋತಾರೆ. ಅಷ್ಟರಲ್ಲಿ ಎಲ್ಲಾದರೂ ಕಾನ್ವೆಂಟಿನಲ್ಲಿ ಕೆಲಸ ಮಾಡಲಿ, ಕೈಗೆ ನಾಲ್ಕು ಕಾಸೂ ಬರುತ್ತೆ,’ ಎಂದ. ಮೋಸ ಮಾಡುತ್ತಿದ್ದೇನೆಂಬ ಅಳುಕು ಅವನ ಮಾತಿನಲ್ಲಿರಲಿಲ್ಲ. ಉಪಕಾರ ಮಾಡುತ್ತಿದ್ದೇನೆಂದೇ ಅವನು ನಂಬಿದ್ದ. ಈ ವ್ಯಾಪಾರ ಹೊಸದೂ ಅಲ್ಲ, ಗುಟ್ಟೂ ಅಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಶಿಕ್ಷಕರ ಶಿಕ್ಷಣದ ಬಗ್ಗೆ ವರದಿ ಕೊಟ್ಟಿತು. ಅದನ್ನು ಉಲ್ಲೇಖಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ: ದೇಶದಲ್ಲಿ ಪ್ರತ್ಯೇಕವಾಗಿ ನಡೆಯುವ ಹತ್ತು ಸಾವಿರಕ್ಕೂ ಹೆಚ್ಚು ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಗಂಭೀರವಾದ ತರಬೇತಿಯ ಪ್ರಯತ್ನವನ್ನೇ ಮಾಡುತ್ತಿಲ್ಲ, ಹಣಕ್ಕೆ ಪದವಿ ಮಾರುತ್ತಿವೆ. ಸರ್ಕಾರದ ನೀತಿಯೇ ಇಷ್ಟು ನೇರವಾಗಿ ಬರೆದ ಮೇಲೆ ಬೇರೆಯವರು ಹೇಳಲು ಏನು ಉಳಿಯಿತು?

ಅಪ್ಪ ಮನೆಗೆ ಬಂದು ಮಗಳಿಗೆ ಅದನ್ನು ಹಾಗೆಯೇ ಹೇಳಿದ. ಆಸೆಯಿಂದಲ್ಲ, ಬೇಡವೆಂದೂ ಅಲ್ಲ. ಅವಳಿಗೂ ಒಂದು ಕ್ಷಣ ಅನ್ನಿಸಿತು, ಹಾಗಾದರೆ ಎಂ.ಎಸ್ಸಿ.ಯನ್ನೂ ಮಾಡಬಹುದಲ್ಲ ಎಂದು. ತಪ್ಪೆಂದು ಗೊತ್ತಿರುವುದು ಕೈಗೆಟುಕುವಷ್ಟು ಹತ್ತಿರ ಬಂದಾಗ ಮಾತ್ರ ಅದರ ಬಣ್ಣ ಬದಲಾಗುತ್ತದೆ. ಒಂದು ವಾರ ಆ ಮಾತು ಮನೆಯಲ್ಲಿ ಹಾಗೇ ಬಿದ್ದಿತ್ತು. ಯಾರೂ ಎತ್ತಲಿಲ್ಲ, ಯಾರೂ ಆಚೆ ಎಸೆಯಲೂ ಇಲ್ಲ.

ಆ ವಾರದಲ್ಲೇ ಅವಳು ಒಂದರಿಂದ ಐದರವರೆಗೆ ಓದಿದ ಊರಿನ ಕಿರಿಯ ಪ್ರಾಥಮಿಕ ಶಾಲೆಗೆ ಸಹಿಗೆಂದು ಹೋದದ್ದು. ಅವಳು ಓದುವಾಗ ಇಬ್ಬರು ಮೇಷ್ಟ್ರು, ಐವತ್ತು ಮಕ್ಕಳಿದ್ದರು. ಈಗ ಒಬ್ಬರೇ ಮೇಷ್ಟ್ರು, ಹತ್ತೊಂಬತ್ತು ಮಕ್ಕಳು. ಒಂದು, ಎರಡು, ಮೂರನೇ ತರಗತಿಯವರು ಒಂದು ಕೋಣೆಯಲ್ಲಿ ನಲಿ-ಕಲಿಯ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದರು. ನಾಲ್ಕು, ಐದರವರು ಜಗಲಿಯಲ್ಲಿ. ಅಂದು ಮೇಷ್ಟ್ರ ಸ್ಥಿತಿ ನೋಡುವಂತಿತ್ತು. ಅಡುಗೆಯವರು ಗ್ಯಾಸ್ ಮುಗಿದಿದೆ ಎನ್ನುತ್ತಿದ್ದಾರೆ, ಮೊಟ್ಟೆಯ ಲೆಕ್ಕ ಆ ಹೊತ್ತಿನೊಳಗೆ ಮೊಬೈಲಿನಲ್ಲಿ ಕಳುಹಿಸಬೇಕು, ಸಿಗ್ನಲ್ಲು ಹುಣಸೆಮರದ ಬುಡದಲ್ಲಿ ಮಾತ್ರ ಸಿಗುತ್ತದೆ.

‘ಬಾರಮ್ಮ. ನಿನ್ನ ಹೆಸರು ಹಳೇ ದಾಖಲಾತಿ ರಿಜಿಸ್ಟರಿನಲ್ಲಿ ಹುಡುಕಬೇಕು. ಬೀರುವಿನ ಕೆಳಗಡೆ ಖಾನೆ, ಇಲಿ ತಿಂದಿಲ್ಲದಿದ್ದರೆ ಸಿಗುತ್ತೆ. ಅಲ್ಲೀವರೆಗೂ ನಾಲ್ಕು, ಐದನ್ನ ಒಂಚೂರು ನೋಡ್ಕೊಳ್ತೀಯಾ?’

‘ಏನು ಮಾಡಿಸಲಿ ಸಾರ್?’

‘ಏನಾದ್ರೂ ಮಾಡ್ಸು. ಕೂತಿರಲಿ ಸಾಕು.’

ಮಳೆ ಬಿಟ್ಟು ಆಕಾಶ ತೊಳೆದಿಟ್ಟಂತಿದ್ದ ಬೆಳಿಗ್ಗೆ. ಹುಣ್ಣಿಮೆ ಕಳೆದು ನಾಲ್ಕೈದು ದಿನವಾಗಿತ್ತು. ಪಡುವಣದಲ್ಲಿ ತೆಂಗಿನ ಗರಿಗಳ ಮೇಲೆ ಸವೆದ ಬಿಳಿಯ ಚಂದ್ರ ನಿಂತಿದ್ದ. ನಾಲ್ಕನೇ ತರಗತಿಯ ಒಬ್ಬ ಹುಡುಗ ಅದನ್ನೇ ನೋಡುತ್ತಿದ್ದವನು, ‘ಅಕ್ಕ, ಚಂದ್ರ ಯಾಕಿನ್ನೂ ಮನೆಗೆ ಹೋಗಿಲ್ಲ?’ ಎಂದ. ಪಕ್ಕದವಳು, ‘ಅರ್ಧ ಯಾಕೆ ತಿಂದುಹೋಗವ್ನೆ?’ ಎಂದಳು.

ಪದವಿಯಲ್ಲಿ ಭೌತಶಾಸ್ತ್ರದಲ್ಲಿ ಕಾಲೇಜಿಗೇ ಮೂರನೆಯವಳಾಗಿ ಬಂದಿದ್ದ ಹುಡುಗಿ ಉತ್ತರ ಹೇಳತೊಡಗಿದಳು. ಚಂದ್ರನಿಗೆ ಸ್ವಂತ ಬೆಳಕಿಲ್ಲ, ಸೂರ್ಯನ ಬೆಳಕನ್ನು ಪ್ರತಿಫಲಿಸುತ್ತದೆ, ಭೂಮಿಯ ಸುತ್ತ ಪರಿಭ್ರಮಿಸುವಾಗ ಅದರ ಬೆಳಗಿದ ಭಾಗ ಬೇರೆ ಬೇರೆ ಕೋನದಿಂದ ಕಾಣುತ್ತದೆ. ಒಂದು ವಾಕ್ಯವೂ ತಪ್ಪಿರಲಿಲ್ಲ. ಮಕ್ಕಳು ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಮಾತು ನಿಲ್ಲಿಸಿದ ಮೇಲೆ ಆ ಹುಡುಗ ಬಹಳ ಮರ್ಯಾದೆಯಿಂದ, ‘ಹೂಂ ಅಕ್ಕ, ಆದರೆ ಯಾಕೆ?’ ಎಂದ.

ಅದೊಂದು ಘಳಿಗೆ. ಬಿ.ಎಸ್ಸಿ.ಯ ಮೂರು ವರ್ಷದಲ್ಲಿ ಅವಳಿಗೆ ಯಾರೂ ಅಂಥ ಪ್ರಶ್ನೆ ಹಾಕಿರಲಿಲ್ಲ. ಸಮೀಕರಣ ಬಿಡಿಸು ಎಂದಿದ್ದರು, ವ್ಯಾಖ್ಯೆ ಬರೆ ಎಂದಿದ್ದರು. ಅವಳು ಸುತ್ತ ನೋಡಿದಳು. ಶಾಲೆಯ ಪಕ್ಕದ ತೋಟದಿಂದ ಉದುರಿದ ತೆಂಗಿನ ಹೀಚುಗಳು ಅಂಗಳದ ಮೂಲೆಯಲ್ಲಿ ಬಿದ್ದಿದ್ದವು. ನಿಂಬೆಹಣ್ಣಿನಷ್ಟು ಗಾತ್ರದವು. ಒಬ್ಬೊಬ್ಬರಿಗೂ ಒಂದೊಂದನ್ನು ಕೊಟ್ಟು, ಜಗಲಿಯಿಂದ ಬಿಸಿಲಿಗೆ ಕರೆದುಕೊಂಡು ಬಂದು, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ, ಹೀಚನ್ನು ಕೈಚಾಚಿ ಚಂದ್ರನ ಪಕ್ಕಕ್ಕೆ ಹಿಡಿಯಲು ಹೇಳಿದಳು. ಒಂದು ಕಣ್ಣು ಮುಚ್ಚಿ ನೋಡಿ ಎಂದಳು.

ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಬಿಸಿಲಿರುವಾಗ ಆಕಾಶದಲ್ಲಿ ಚಂದ್ರ ಕಂಡರೆ ಒಂದು ಚೆಂಡನ್ನೋ ಕಾಯಿಯನ್ನೋ ಅದೇ ದಿಕ್ಕಿಗೆ ಎತ್ತಿ ಹಿಡಿದರೆ, ಚಂದ್ರನ ಮೈಯಲ್ಲಿ ಎಷ್ಟು ಭಾಗ ಬೆಳಗಿದೆಯೋ ಚೆಂಡಿನ ಮೈಯಲ್ಲೂ ಅಷ್ಟೇ ಭಾಗ, ಅದೇ ಆಕಾರದಲ್ಲಿ ಬೆಳಗಿರುತ್ತದೆ. ನೆರಳಿನ ಅಂಚು ಕೂಡ ಅದೇ ಕಡೆಗೆ ವಾಲಿರುತ್ತದೆ. ಎರಡನ್ನೂ ಬೆಳಗುವುದು ಒಂದೇ ಸೂರ್ಯ, ಎರಡನ್ನೂ ನೋಡುವುದು ಒಂದೇ ಕಡೆಯಿಂದ. ಹೇಳಿದರೆ ಇಷ್ಟೆ. ಆದರೆ ಕೈಯಲ್ಲಿರುವ ಹೀಚು ಇದ್ದಕ್ಕಿದ್ದಂತೆ ಚಂದ್ರನಾಗುವುದನ್ನು ಮೊದಲ ಸಲ ನೋಡಿದ ಮಗುವಿನ ಮುಖವನ್ನು ವರ್ಣಿಸುವುದು ಸುಲಭವಲ್ಲ.

‘ಅಯ್ಯೋ, ಇದೂ ಅಷ್ಟೇ ತಿಂದುಹೋಗೈತೆ!’ ಎಂದು ಆ ಹುಡುಗಿ ಕೂಗಿದಳು. ಮೊದಲು ಪ್ರಶ್ನೆ ಕೇಳಿದ ಹುಡುಗ ಕೂಗಲಿಲ್ಲ. ಅವನು ಹೀಚು ಹಿಡಿದ ಕೈಯನ್ನು ನಿಧಾನವಾಗಿ ಸೂರ್ಯನ ಕಡೆಗೆ ತಿರುಗಿಸುತ್ತ, ಬೆಳಕು ಸಣ್ಣಗಾಗುತ್ತ ಹೋಗುವುದನ್ನು ತಾನೇ ಕಂಡುಕೊಂಡ. ಸೂರ್ಯನನ್ನು ನೇರವಾಗಿ ನೋಡಬಾರದೆಂದು ಅವಳು ಓಡಿಹೋಗಿ ಅವನ ಭುಜ ಹಿಡಿದು ತಿರುಗಿಸಬೇಕಾಯಿತು. ‘ಹಂಗಾದ್ರೆ ಅಮಾಸೆ ದಿನ ಚಂದ್ರ ಎಲ್ಲೂ ಹೋಗಿರಲ್ಲ. ಈ ಕಡೆಗಿರ್ತಾನೆ, ಅಲ್ವಾ?’ ಎಂದ. ಅವಳು ಅದನ್ನು ಹೇಳಿಕೊಟ್ಟಿರಲಿಲ್ಲ.

ಮೇಷ್ಟ್ರು ರಿಜಿಸ್ಟರ್ ಹಿಡಿದು ಹೊರಬಂದಾಗ ನಲಿ-ಕಲಿಯ ಮಕ್ಕಳೂ ಅಂಗಳಕ್ಕೆ ಬಂದು ಬಿಟ್ಟಿದ್ದರು, ಹೀಚಿಗಾಗಿ ಜಗಳ ಶುರುವಾಗಿತ್ತು. ಅವಳು ಬೆವರಿದ್ದಳು. ಹೊರಡುವಾಗ ಒಂದು ಮಗು, ‘ಮಿಸ್, ನಾಳೆ ಬತ್ತೀರಾ?’ ಎಂದಿತು. ಅರ್ಧ ಗಂಟೆಯ ಹಿಂದೆ ಅವಳು ಅಕ್ಕ ಆಗಿದ್ದಳು.

ಸಹಿ ಹಾಕಿ ಮೊಹರೊತ್ತುತ್ತ ಮೇಷ್ಟ್ರು ಕೇಳಿದರು: ‘ಬಿ.ಎಡ್.ಗೋ?’

‘ಹೂಂ ಸಾರ್. ಇಂಥ ಶಾಲೆಗೆ ಬರಬೇಕು ಅನ್ನಿಸ್ತಿದೆ.’

ಮೇಷ್ಟ್ರು ನಕ್ಕರು. ‘ಬಿ.ಎಡ್. ಮಾಡಿದರೆ ಇಂಥ ಶಾಲೆಗೆ ಬರೋಕಾಗಲ್ಲಮ್ಮ.’

ಅದು ನಿಜ. ಎನ್‌ಸಿಟಿಇ 2018ರ ಜೂನ್‌ನಲ್ಲಿ ಒಂದು ಅಧಿಸೂಚನೆ ಹೊರಡಿಸಿ, ಬಿ.ಎಡ್. ಆದವರೂ ಒಂದರಿಂದ ಐದನೇ ತರಗತಿಗೆ ಶಿಕ್ಷಕರಾಗಬಹುದು, ಕೆಲಸಕ್ಕೆ ಸೇರಿದ ಮೇಲೆ ಆರು ತಿಂಗಳ ಸೇತುಬಂಧ ಕೋರ್ಸ್ ಮಾಡಿದರಾಯಿತು ಎಂದಿತ್ತು. ರಾಜಸ್ಥಾನ ಹೈಕೋರ್ಟ್ 2021ರಲ್ಲಿ ಆ ಅಧಿಸೂಚನೆಯನ್ನು ರದ್ದು ಮಾಡಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ, ಅದಕ್ಕೆ ತಯಾರಿ ಕೊಡುವುದು ಡಿ.ಇಎಲ್.ಇಡಿ. ಎಂಬ ಡಿಪ್ಲೊಮಾ, ಬಿ.ಎಡ್. ಅಲ್ಲ ಎಂಬುದು ಅದರ ತಿರುಳು. ತೀರ್ಪಿನಿಂದ ದೇಶದ ಎಷ್ಟೋ ಬಿ.ಎಡ್. ಪದವೀಧರರಿಗೆ ನಿರಾಸೆಯಾಯಿತು. ಆದರೆ ಹೀಚು ಹಿಡಿದುಕೊಂಡು ನಿಂತಿದ್ದ ಆ ಮಕ್ಕಳ ಎದುರು ಒಂದು ಸಲ ನಿಂತವರಿಗೆ ಅದರಲ್ಲಿ ಅರ್ಥವಿಲ್ಲವೆನ್ನಲು ಬಾಯಿ ಬರುವುದಿಲ್ಲ. ಭೌತಶಾಸ್ತ್ರದ ಪದವಿ ಆ ಅಂಗಳದಲ್ಲಿ ಅವಳ ಕೈಹಿಡಿದದ್ದು ಎರಡನೆಯ ಸಲ, ಮೊದಲನೆಯ ಸಲವಲ್ಲ.

ಆ ಡಿಪ್ಲೊಮಾ ಎಂದರೆ ಹಿಂದಿನ ಟಿ.ಸಿ.ಎಚ್., ಆಮೇಲಿನ ಡಿ.ಎಡ್. ಪಿಯುಸಿ ಆದವರು ಸೇರುವಂಥದ್ದು. ಅಂದು ರಾತ್ರಿ ಅವಳು ಮನೆಯಲ್ಲಿ ಅದರ ಮಾತು ತೆಗೆದಾಗ ಅಪ್ಪ ಉಣ್ಣುವ ತಟ್ಟೆಯಿಂದ ತಲೆಯೆತ್ತಿದ.

‘ಡಿಗ್ರಿ ಮುಗಿಸ್ಕೊಂಡು ಟಿ.ಸಿ.ಎಚ್.ಗೆ ಹೋಗ್ತೀಯಾ? ಪಿಯುಸಿಗೇ ಹೋಗಿದ್ದರೆ ಮೂರು ವರ್ಷ ಉಳೀತಿತ್ತಲ್ಲವ್ವ.’

‘ಆಗ ಗೊತ್ತಿರಲಿಲ್ಲ ಅಪ್ಪ.’

‘ಈಗ ಏನು ಗೊತ್ತಾಯ್ತು?’

ಅವಳಿಗೆ ಹೇಳಲು ಬರಲಿಲ್ಲ. ಅಮ್ಮ ಮಾತ್ರ, ‘ದೊಡ್ಡ ಮಕ್ಕಳಿಗೆ ಹೇಳಿಕೊಟ್ಟರೆ ಏನು ಕಮ್ಮಿ? ಆರು, ಏಳನೆಯವರೂ ಮಕ್ಕಳೇ ಅಲ್ವಾ?’ ಎಂದಳು. ಅಮ್ಮನ ಮಾತು ಕಾನೂನಿನ ದೃಷ್ಟಿಯಿಂದಲೂ ಸರಿಯಾಗಿತ್ತು. ರಾಜ್ಯದಲ್ಲಿ ಆರರಿಂದ ಎಂಟನೇ ತರಗತಿಗೆ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿವೆ, ಅದಕ್ಕೆ ಬಿ.ಎಡ್. ಆಗುತ್ತದೆ, ಜೊತೆಗೆ ಟಿ.ಇ.ಟಿ. ಪಾಸಾಗಿರಬೇಕು. ಎಂ.ಎಸ್ಸಿ. ಮಾತನ್ನು ಅವಳೇ ಎತ್ತಲಿಲ್ಲ. ಪರೀಕ್ಷೆಗೆ ಮಾತ್ರ ಹೋದರೆ ಸಾಕೆಂಬ ಕಾಲೇಜಿನ ಮಾತು ಬಂದಾಗ, ‘ಹಾಜರಿ ಅವರೇ ಹಾಕ್ತಾರೆ ಸರಿ, ಆ ಹುಡುಗ ಇನ್ನೊಂದು ಪ್ರಶ್ನೆ ಕೇಳಿದರೆ ಅವರು ಬಂದು ಹೇಳ್ತಾರಾ?’ ಎಂದಳು. ಯಾವ ಹುಡುಗ ಎಂದು ಅಪ್ಪನಿಗೆ ತಿಳಿಯಲಿಲ್ಲ. ಆದರೆ ಸಂತೆಯ ಮನುಷ್ಯನಿಗೆ ಮರುವಾರ ಬೇಡವೆಂದು ಹೇಳಿ ಬಂದ. ಅದರಿಂದ ಅವನಿಗೂ ಒಳಗೊಳಗೇ ನೆಮ್ಮದಿಯಾದಂತಿತ್ತು.

ಇಷ್ಟೆಲ್ಲ ಆದರೂ ಅರ್ಜಿಯ ಯಾವ ಕಾಲಂನಲ್ಲೂ ಇದನ್ನು ಬರೆಯಲು ಜಾಗವಿರಲಿಲ್ಲ. ಜಾತಿಗೆ ಜಾಗವಿತ್ತು, ಆದಾಯಕ್ಕಿತ್ತು, ಊರಿಗಿತ್ತು, ಅಂಕಕ್ಕಿತ್ತು. ಮಕ್ಕಳ ಎದುರು ನಿಲ್ಲಲು ಇಷ್ಟವಿದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಬೇಕಿತ್ತೇ ಎಂದರೆ ಉತ್ತರ ಅಷ್ಟು ಸುಲಭವಲ್ಲ. ಸಂದರ್ಶನ ಮಾಡಿ ಸೀಟು ಕೊಡಿ ಎಂದು ಹೇಳುವುದು ಚೆಂದ. ಆದರೆ ಸಂದರ್ಶನದ ಮೇಜಿನ ಆಚೆ ಕೂತವರಿಗೆ ಯಾರ ಫೋನು ಬರುತ್ತದೆ, ಯಾರ ಚೀಟಿ ಬರುತ್ತದೆ ಎಂದು ಗೊತ್ತಿರುವ ನಾಡಿನಲ್ಲಿ ಎರಡೆಕರೆ ತೋಟದವನ ಮಗಳಿಗೆ ಅಂಕಪಟ್ಟಿಯಷ್ಟು ನಂಬಿಕಸ್ಥ ಬಂಧು ಇನ್ನೊಬ್ಬರಿಲ್ಲ. ಅಂಕ ಕುರುಡು ಇರಬಹುದು, ಆದರೆ ಅದಕ್ಕೆ ಯಾರೂ ಹಣ್ಣಿನ ಬುಟ್ಟಿ ಕೊಟ್ಟು ಬರಲು ಆಗುವುದಿಲ್ಲ.

ಕೇಳುವ ಪ್ರಯತ್ನ ನಡೆದಿಲ್ಲ ಎಂದಲ್ಲ. ಪಿಯುಸಿ ಮುಗಿದೊಡನೆ ನಾಲ್ಕು ವರ್ಷದಲ್ಲಿ ವಿಜ್ಞಾನವನ್ನೂ ಶಿಕ್ಷಣಶಾಸ್ತ್ರವನ್ನೂ ಜೊತೆಯಾಗಿ ಕಲಿಸುವ ಯೋಚನೆ ಹಳೆಯದು. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯ ಹುಟ್ಟಿದ್ದೇ ಅದಕ್ಕಾಗಿ. ಅಜ್ಮೀರ್, ಭೋಪಾಲ್, ಭುವನೇಶ್ವರಗಳಲ್ಲೂ ಅಂಥವೇ ಆದವು. ಇಂದು ಅದು ಪ್ರಾದೇಶಿಕ ಶಿಕ್ಷಣ ಸಂಸ್ಥೆ. ದಕ್ಷಿಣದ ರಾಜ್ಯಗಳ ಮಕ್ಕಳು ಅಲ್ಲಿ ಓದುತ್ತಾರೆ, ಪಾಠ ಹೇಳಿ ಪಳಗಲು ಆವರಣದಲ್ಲೇ ಒಂದು ಶಾಲೆಯಿದೆ. ಸಸ್ಯಶಾಸ್ತ್ರದ ತರಗತಿಯಿಂದ ಎದ್ದು ಮಕ್ಕಳ ತರಗತಿಗೆ ನಡೆದುಹೋಗಬಹುದಾದ ಆ ಏರ್ಪಾಡು ಬಹಳ ಜಾಣ್ಮೆಯದು. 2020ರ ಶಿಕ್ಷಣ ನೀತಿ ಇದೇ ನಾಲ್ಕು ವರ್ಷದ ಪದವಿಯನ್ನು 2030ರ ಹೊತ್ತಿಗೆ ಶಾಲಾ ಶಿಕ್ಷಕರ ಕನಿಷ್ಠ ಅರ್ಹತೆಯಾಗಿಸಬೇಕೆಂದು ಹೇಳಿತು. 2023-24ರಿಂದ ದೇಶದ ಆಯ್ದ ಸಂಸ್ಥೆಗಳಲ್ಲಿ ಹೊಸ ಸಮಗ್ರ ಕೋರ್ಸ್ ಶುರುವಾಯಿತು. ಅದಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ, ಎನ್‌ಸಿಇಟಿ. ಕನ್ನಡದಲ್ಲೂ ಬರೆಯಬಹುದು. ಅದರಲ್ಲಿ ಭಾಷೆ, ವಿಷಯಜ್ಞಾನ, ಸಾಮಾನ್ಯ ಜ್ಞಾನದ ಜೊತೆಗೆ ಬೋಧನಾ ಅಭಿರುಚಿ ಎಂಬ ಭಾಗವೂ ಇದೆ. ಕೊನೆಗೂ ಯಾರೋ ಕೇಳಿದರು ಎನ್ನಬೇಕು.

ಆದರೆ ಕೇಳಿದ್ದು ನಾಲ್ಕು ಆಯ್ಕೆ ಕೊಟ್ಟು. ತರಗತಿಯಲ್ಲಿ ಮಗು ಹಟ ಮಾಡಿದರೆ ಹೊಡೆಯುವಿರಾ, ಹೊರಗೆ ಕಳಿಸುವಿರಾ, ಸುಮ್ಮನಿರುವಿರಾ, ಸಮಾಧಾನದಿಂದ ಮಾತಾಡುವಿರಾ ಎಂದರೆ ಸಮಾಧಾನಕ್ಕೆ ಗುರುತು ಹಾಕದ ಮೂರ್ಖ ಯಾರಿದ್ದಾನೆ? ಕೈಯಲ್ಲಿ ಬೆತ್ತ ಹಿಡಿದವನೂ ಅದಕ್ಕೇ ಹಾಕುತ್ತಾನೆ. ಇನ್ನೊಂದು ತೊಡಕು ವಯಸ್ಸಿನದು. 2025ರಲ್ಲಿ ಆ ಪರೀಕ್ಷೆ ಏಪ್ರಿಲ್ ಕೊನೆಗೆ ನಡೆಯಿತು. ಅಂದರೆ ಅರ್ಜಿಯ ಕಾಲ ಬರುವುದು ದ್ವಿತೀಯ ಪಿಯು ಪರೀಕ್ಷೆಯ ಗಡಿಬಿಡಿಯಲ್ಲಿ. ಹದಿನೇಳು ವರ್ಷದ ಹುಡುಗ ಸಿಇಟಿ, ನೀಟ್ ಎಂದು ತಲೆಕೆಡಿಸಿಕೊಂಡಿರುವ ಹೊತ್ತಿನಲ್ಲಿ, ಜೀವಮಾನವಿಡೀ ಮೇಷ್ಟರಾಗಿರುತ್ತೇನೆ ಎಂದು ನಿರ್ಧರಿಸಬೇಕು. ಅವಳ ತಮ್ಮನ ಕತೆ ಮುಂದೆ ಹೀಗೇ ಆಯಿತು.

ಅವಳಿಗೆ ಎರಡನೇ ಸುತ್ತಿನಲ್ಲಿ ಹಾಸನದ ಕಡೆಯ ಒಂದು ಕಾಲೇಜು ಸಿಕ್ಕಿತು. ಮೊದಲ ವರ್ಷ ಮನೋವಿಜ್ಞಾನ, ತತ್ತ್ವಶಾಸ್ತ್ರ ಎಂದು ಓದಿನ ಭಾರ. ಐದು ಹಂತದ ಪಾಠಯೋಜನೆಯನ್ನು ಬಣ್ಣದ ಪೆನ್ನಿನಲ್ಲಿ ಬರೆದೂ ಬರೆದೂ ಬೆರಳು ನೋವು. ಕೆಲವು ಸಹಪಾಠಿಗಳು ಹಿಂದಿನ ವರ್ಷದವರ ಪುಸ್ತಕ ತಂದು ನಕಲು ಮಾಡುತ್ತಿದ್ದರು. ಅವರನ್ನು ದೂರುವುದಕ್ಕಾಗುವುದಿಲ್ಲ. ಕೆಲಸ ಸಿಗುವುದೋ ಇಲ್ಲವೋ ತಿಳಿಯದ ಓದನ್ನು ಎಲ್ಲರೂ ಒಂದೇ ಶ್ರದ್ಧೆಯಿಂದ ಮಾಡಲಿ ಎಂದು ಬಯಸುವುದು ಉಳಿದವರಿಗೆ ಸುಲಭ. ಎರಡನೇ ವರ್ಷದ ಇಂಟರ್ನ್‌ಶಿಪ್ಪಿಗೆ ಒಂದು ಸರ್ಕಾರಿ ಪ್ರೌಢಶಾಲೆ ಸಿಕ್ಕಿತು. ಹದಿನಾರು ವಾರ. ಮೊದಲ ವಾರ ಎಂಟನೇ ತರಗತಿ ‘ಬಿ’ ವಿಭಾಗದವರು ಅವಳನ್ನು ಅಳಿಸಿಬಿಟ್ಟರು. ಸ್ಟಾಫ್ ರೂಮಿನಲ್ಲಲ್ಲ, ಬಸ್ಸಿನಲ್ಲಿ. ಐದನೇ ವಾರಕ್ಕೆ ಅವರೇ ನಲ್ಲಿಯ ಹತ್ತಿರ ನಿಂತು ‘ಮಿಸ್ ಬಂದ್ರು’ ಎಂದು ಓಡತೊಡಗಿದರು. ನಡುವೆ ಏನಾಯಿತು ಎಂದು ಕೇಳಿದರೆ ಅವಳಿಗೂ ಸರಿಯಾಗಿ ಗೊತ್ತಿಲ್ಲ. ಹೆಸರುಗಳು ಬಾಯಿಗೆ ಬಂದವು, ಅಷ್ಟೇ ಎನ್ನುತ್ತಾಳೆ.

ಆ ಹೊತ್ತಿಗೇ ತಮ್ಮ ಎನ್‌ಸಿಇಟಿ ಅರ್ಜಿಯ ವಿಷಯ ತಂದದ್ದು. ಮೈಸೂರು ಸಿಕ್ಕಿದರೆ ಒಳ್ಳೆಯದಂತೆ, ಸ್ನೇಹಿತರು ಹೇಳಿದರು. ‘ಆ ಅಭಿರುಚಿ ಭಾಗಕ್ಕೆ ಏನು ಓದಬೇಕು ಅಕ್ಕ?’ ಎಂದ. ಅವಳು ಪುಸ್ತಕದ ಹೆಸರು ಹೇಳಲಿಲ್ಲ. ಅವನ ಕಾಲೇಜಿಗೆ ರಜೆಯಿದ್ದ ಒಂದು ಶನಿವಾರ ತನ್ನ ಜೊತೆ ಶಾಲೆಗೆ ಕರೆದುಕೊಂಡು ಹೋದಳು. ಮುಖ್ಯೋಪಾಧ್ಯಾಯರು, ‘ಗಣಿತದ ಮೇಷ್ಟ್ರು ರಜ, ಒಂದು ಪೀರಿಯಡ್ ಬಿ ಸೆಕ್ಷನ್‌ನಲ್ಲಿ ಕೂತಿರಲಿ, ನೀವು ಬಾಗಿಲ ಹತ್ತಿರ ಇರಿ,’ ಎಂದರು.

ನಲವತ್ತು ನಿಮಿಷದ ನಂತರ ಹೊರಬಂದಾಗ ಅವನ ಗಂಟಲು ಕಟ್ಟಿತ್ತು, ಅಂಗಿಯ ತುಂಬ ಸೀಮೆಸುಣ್ಣ.

‘ಯಾರೂ ಮಾತೇ ಕೇಳಲ್ಲ ಕಣಕ್ಕ,’ ಎಂದ.

ಅವಳು ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಜಾವಗಲ್ ದಾಟಿದ ಮೇಲೆ ಇದ್ದಕ್ಕಿದ್ದಂತೆ ತಿರುಗಿ, ‘ಕೊನೇ ಬೆಂಚಿನಲ್ಲಿ ಒಬ್ಬ ಸುಮ್ಮನೆ ಕೂತಿದ್ದನಲ್ಲ, ಬೋರ್ಡ್ ಮೇಲಿನ ಲೆಕ್ಕಾನ ಬೇರೆ ದಾರೀಲಿ ಮಾಡಿ ತೋರಿಸಿದ. ಅವನ ಹೆಸರೇನು?’ ಎಂದ.

ಅವಳು ಹೆಸರು ಹೇಳಿದಳು. ಅರ್ಜಿಯ ಕೊನೆಯ ದಿನಕ್ಕೆ ಇನ್ನೂ ಒಂದು ವಾರವಿತ್ತು.